ಪುಸ್ತಕ ಮುಗಿಸದವರೂ ಬರಲಿ: ಓದುಗರ ಬಳಗ ನಡೆಸುವ ಬಗೆ

ಓದುಗರ ಬಳಗ ಶುರು ಮಾಡುವುದು ಸುಲಭ. ಮೊದಲ ಸಲ ಜಾಗ ಸಾಲದಷ್ಟು ಜನ ಬರುತ್ತಾರೆ. ನಾಲ್ಕನೇ ಸಲ ಮೂವರು ಇರುತ್ತಾರೆ. ಆಮೇಲೆ ಉಳಿಯುವುದು ವಾಟ್ಸ್‌ಆ್ಯಪ್ ಗುಂಪು, ಅದರಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು.

ಜನರಿಗೆ ಆಸಕ್ತಿ ಇಲ್ಲ ಎಂದು ನಡೆಸುವವರು ಬೇಜಾರು ಮಾಡಿಕೊಳ್ಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬಿಟ್ಟುಹೋಗುವವರು ಬಹಳಷ್ಟು ಸಲ ಪುಸ್ತಕ ಮುಗಿಸಿರುವುದಿಲ್ಲ, ಅಷ್ಟೇ. ಓದದೆ ಹೋಗೋದು ಹೇಗೆ ಅಂತ ಮುಜುಗರ. ಒಮ್ಮೆ ತಪ್ಪಿಸಿದರೆ ಮುಂದಿನ ಸಲ ಮುಖ ತೋರಿಸಲು ಇನ್ನೂ ಮುಜುಗರ. ಹಾಗಾಗಿ ಏನೇ ಏರ್ಪಾಡು ಮಾಡಿದರೂ ಅರ್ಧ ಓದಿದವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿ.

ಮೊದಲು ದಿನ, ಆಮೇಲೆ ಪುಸ್ತಕ

ಎಲ್ಲರಿಗೂ ಅನುಕೂಲವಾಗುವ ದಿನ ಹುಡುಕುತ್ತ ಕೂರಬೇಡಿ, ಅಂಥ ದಿನ ಇರುವುದೇ ಇಲ್ಲ. ತಿಂಗಳ ಎರಡನೇ ಶನಿವಾರ ಸಂಜೆ 5.30 ಅಂತ ಗೊತ್ತು ಮಾಡಿ, ಮತ್ತೆ ಅದನ್ನು ಮುಟ್ಟಬೇಡಿ. ಮೂವರೇ ಬಂದರೂ ನಡೆಸಿ. ಒಂದೂವರೆ ಗಂಟೆ ಸಾಕು. ಎಂಟು–ಹತ್ತು ಮಂದಿ ಇದ್ದರೆ ಮಾತಿಗೆ ಹದವಾಗಿರುತ್ತದೆ. ಅದಕ್ಕಿಂತ ಜಾಸ್ತಿಯಾದರೆ ಪಕ್ಕದವರ ಜೊತೆ ಪಿಸುಮಾತು ಶುರುವಾಗುತ್ತದೆ. ಆಗ ಎರಡು ಗುಂಪು ಮಾಡಿಬಿಡಿ.

ಪುಸ್ತಕ ಆರಿಸುವಾಗ ಒಂದೇ ಒಂದು ಕಟ್ಟುನಿಟ್ಟು ಇರಲಿ: ಹೆಸರು ಸೂಚಿಸುವವರು ಅದನ್ನು ಕೊನೆಯವರೆಗೆ ಓದಿರಬೇಕು. 'ಚೆನ್ನಾಗಿದೆಯಂತೆ' ಅನ್ನುವ ಪುಸ್ತಕಗಳೇ ಬಳಗಕ್ಕೆ ಕಂಟಕ. ಮೂರು ಹೆಸರು ಬರಲಿ, ಸೂಚಿಸಿದವರು ಒಂದೊಂದು ನಿಮಿಷ ಮಾತಾಡಲಿ, ಕೈ ಎತ್ತಿಸಿ ತೀರ್ಮಾನಿಸಿ. ಲೆಕ್ಕವನ್ನೂ ಹಾಕಿ. 300 ಪುಟವನ್ನು ನಾಲ್ಕು ವಾರದಲ್ಲಿ ಮುಗಿಸಲು ದಿನಕ್ಕೆ ಸುಮಾರು 11 ಪುಟ ಬೇಕು, 600 ಆದರೆ 22. ಕೆಲಸ, ಮನೆ, ಮಕ್ಕಳ ನಡುವೆ 22 ಪುಟ ಆಗುತ್ತದೆಯೇ? ದಪ್ಪ ಪುಸ್ತಕವೇ ಬೇಕೆಂದರೆ ಎರಡು ತಿಂಗಳು ಕೊಡಿ. ಪ್ರತಿಗಳು ಸಿಗುತ್ತವೆಯೇ, ಗ್ರಂಥಾಲಯದಲ್ಲಿ ಇದೆಯೇ ಎಂದು ಮೊದಲೇ ನೋಡಿ. ಬೇರೆ ಬೇರೆ ಮುದ್ರಣಗಳಲ್ಲಿ ಪುಟದ ಸಂಖ್ಯೆ ಹೊಂದುವುದಿಲ್ಲ, ಅದಕ್ಕೆ ಚರ್ಚೆಯಲ್ಲಿ ಅಧ್ಯಾಯದ ಲೆಕ್ಕ ಹಿಡಿಯಿರಿ.

ಪ್ರಶ್ನೆ ಹೇಗಿರಬೇಕು?

ನಡೆಸುವವರ ಕೈಚಳಕ ಗೊತ್ತಾಗುವುದು ಇಲ್ಲೇ. 'ಪುಸ್ತಕ ಇಷ್ಟ ಆಯ್ತಾ?' ಅಂತ ಶುರು ಮಾಡಿದರೆ 'ಆಯ್ತು', 'ಪರವಾಗಿಲ್ಲ' ಅನ್ನುತ್ತಾರೆ, ಮಾತು ಅಲ್ಲಿಗೇ ನಿಲ್ಲುತ್ತದೆ.

ಒಂದು ಕಾದಂಬರಿಯಲ್ಲಿ ಅಣ್ಣ, ತಮ್ಮನಿಗೆ ಬಂದ ಕಾಗದವನ್ನು ಒಡೆದು ಓದಿ, ಮತ್ತೆ ಅಂಟಿಸಿಡುತ್ತಾನೆ ಅಂದುಕೊಳ್ಳಿ. 'ಅಣ್ಣನ ಪಾತ್ರದ ಬಗ್ಗೆ ಏನನ್ನಿಸಿತು?' ಅಂತ ಕೇಳಿದರೆ ಪರೀಕ್ಷೆಯ ಉತ್ತರ ಬರುತ್ತದೆ. ಅದರ ಬದಲು ಆ ಒಂದು ಪುಟವನ್ನು ಯಾರಾದರೂ ಜೋರಾಗಿ ಓದಲಿ. ಆಮೇಲೆ ಕೇಳಿ: 'ಓದಿದ ಮೇಲೆ ಹರಿದು ಹಾಕಬಹುದಿತ್ತಲ್ಲ, ಅಂಟಿಸಿಟ್ಟಿದ್ದು ಯಾಕೆ?' ಒಬ್ಬರು ಹೆದರಿಕೆಯಿಂದ ಅನ್ನುತ್ತಾರೆ. ಇನ್ನೊಬ್ಬರು ಅಲ್ಲ, ತಮ್ಮನಿಗೆ ಗೊತ್ತಾಗಲಿ ಅಂತಲೇ ಸೊಟ್ಟಗೆ ಅಂಟಿಸಿದ್ದಾನೆ ಅನ್ನುತ್ತಾರೆ. ಪುಸ್ತಕ ಮುಗಿಸದವರೂ ಈಗ ಬಾಯಿ ಹಾಕಬಹುದು, ಆ ಪುಟ ಅವರ ಕಿವಿಗೂ ಬಿದ್ದಿದೆ. ಇಂಥ ನಾಲ್ಕು ಪುಟ ಗುರುತು ಹಾಕಿಕೊಂಡು ಹೋದರೆ ಒಂದೂವರೆ ಗಂಟೆ ಹೋಗಿದ್ದೇ ತಿಳಿಯುವುದಿಲ್ಲ.

ಅಮೆರಿಕದಲ್ಲಿ 1947ರಲ್ಲಿ ರಾಬರ್ಟ್ ಹಚಿನ್ಸ್ ಮತ್ತು ಮಾರ್ಟಿಮರ್ ಆಡ್ಲರ್ ಕಟ್ಟಿದ ಗ್ರೇಟ್ ಬುಕ್ಸ್ ಫೌಂಡೇಶನ್ ಬೆಳೆಸಿದ ಚರ್ಚೆಯ ಪದ್ಧತಿಯಲ್ಲಿ, ನಡೆಸುವವರು ಪ್ರಶ್ನೆ ಮಾತ್ರ ಕೇಳಬೇಕು, ಉತ್ತರ ಹೇಳುವಂತಿಲ್ಲ. ಓದದೆ ಬಂದವರು ಚರ್ಚೆಗೆ ಇಳಿಯುವಂತಿಲ್ಲ ಅನ್ನುವ ನಿಯಮವೂ ಅಲ್ಲಿದೆ. ಮೊದಲನೆಯದನ್ನು ಕಣ್ಣಿಗೆ ಒತ್ತಿಕೊಂಡು ತೆಗೆದುಕೊಳ್ಳಿ. ಎರಡನೆಯದು ಚಿಕ್ಕ ಬರಹ ಕೊಟ್ಟು ಚರ್ಚಿಸುವಾಗ ಸರಿ, ತಿಂಗಳಿಗೊಂದು ಕಾದಂಬರಿ ಓದುವ ನಮ್ಮಂಥವರಿಗೆ ಬೇಡ. ಕೊನೆ ಗೊತ್ತಾಗಿಬಿಡುತ್ತದೆ ಅನ್ನುವುದನ್ನು ಮಾತ್ರ ಅರ್ಧ ಓದಿದವರು ಒಪ್ಪಿಕೊಂಡೇ ಬರಬೇಕು. ಅವರಿಗಾಗಿ ಉಳಿದವರು ಬಾಯಿ ಕಟ್ಟಿಕೊಂಡು ಕೂರೋಕಾಗಲ್ಲ, ಅಲ್ವಾ?

ಪ್ರಶ್ನೆ ಕೇಳಿದ ಮೇಲೆ ಸುಮ್ನೆ ಇರಿ. ಮೌನ ತಡೆಯಲಾರದೆ ನೀವೇ ಉತ್ತರ ಕೊಟ್ಟರೆ ಮುಂದಿನ ಸಲವೂ ಎಲ್ಲರೂ ನಿಮ್ಮ ಮುಖವನ್ನೇ ನೋಡುತ್ತಾರೆ. ಇನ್ನು, ಮೈಕ್ ಸಿಕ್ಕಂತೆ ಮಾತಾಡುವವರು ಪ್ರತಿ ಬಳಗದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಎಲ್ಲರೆದುರು ಅವರ ಬಾಯಿ ಮುಚ್ಚಿಸಬೇಡಿ. 'ಒಂದ್ನಿಮಿಷ ಸರ್, ಇವರು ಏನೋ ಹೇಳೋಕೆ ಹೊರಟಿದ್ರು' ಅಂದರೆ ಸಾಕು. ಅದಕ್ಕೂ ಬಗ್ಗದಿದ್ದರೆ ಮುಂದಿನ ತಿಂಗಳ ಪ್ರಶ್ನೆ ಕೇಳುವ ಕೆಲಸ ಅವರಿಗೇ ಕೊಡಿ. ಪುಸ್ತಕ ಹಿಡಿಸಲಿಲ್ಲ ಅನ್ನುವವರು ಬಂದರೆ ಖುಷಿಪಡಿ. ಎಲ್ಲರೂ ಹೊಗಳುವ ಪುಸ್ತಕದ ಚರ್ಚೆ ಬೇಗ ಸಪ್ಪೆಯಾಗುತ್ತದೆ.

ಭೇಟಿ ಮುಗಿದ ಮೇಲೆ

ಎಲ್ಲರೂ ಏಳುವ ಮೊದಲೇ ಮುಂದಿನ ಪುಸ್ತಕ ಗೊತ್ತಾಗಿರಲಿ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಪುಸ್ತಕದ ಮಾತು ಮಾತ್ರ ಇರಲಿ. ಫಾರ್ವರ್ಡ್‌ಗಳಿಗೆ ಜಾಗ ಇಲ್ಲ ಎಂದು ಮೊದಲ ದಿನವೇ ಹೇಳಿ. ಬಾರದವರಿಗೆ ಪ್ರತ್ಯೇಕವಾಗಿ ಸಂದೇಶ ಕಳಿಸಿ, ಗುಂಪಿನಲ್ಲಿ ಅಲ್ಲ. 'ಯಾಕೆ ಬರಲಿಲ್ಲ?' ಅಂತ ಕೇಳಬೇಡಿ. 'ನೀವು ಇದ್ದಿದ್ರೆ ಅಣ್ಣನ ಪರ ವಾದ ಮಾಡ್ತಿದ್ರಿ, ಮುಂದಿನ ಸಲ ಸಣ್ಣ ಪುಸ್ತಕ, ಬನ್ನಿ' ಎಂದು ಬರೆಯಿರಿ.

ಇಷ್ಟಾದರೂ ಎರಡು ತಿಂಗಳು ಸತತ ಜನ ಕಡಿಮೆಯಾದರೆ ಒಂದು ತಿಂಗಳು ಕಾದಂಬರಿ ಬಿಡಿ. ಒಂದು ಸಣ್ಣಕಥೆ ತೆಗೆದುಕೊಂಡು ಅಲ್ಲೇ ಕೂತು ಓದಿ ಮಾತಾಡಿ. ಇಲ್ಲವೇ 2012ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಬ್ಬರು ಗೆಳತಿಯರು ಶುರು ಮಾಡಿದ ಸೈಲೆಂಟ್ ಬುಕ್ ಕ್ಲಬ್‌ನ ರೀತಿ ಹಿಡಿಯಿರಿ. ಅಲ್ಲಿ ಎಲ್ಲರೂ ತಮಗಿಷ್ಟವಾದ ಪುಸ್ತಕ ತರುತ್ತಾರೆ, ಒಂದು ಗಂಟೆ ಮಾತಿಲ್ಲದೆ ಜೊತೆಗೆ ಕೂತು ಓದುತ್ತಾರೆ, ಆಮೇಲೆ ಬೇಕಿದ್ದವರು ಹರಟುತ್ತಾರೆ. ಮೊದಲೇ ಓದಿಕೊಂಡು ಬರಬೇಕಾದ್ದು ಏನೂ ಇಲ್ಲ. ಹೋದ ತಿಂಗಳು ಮುಜುಗರಪಟ್ಟು ತಪ್ಪಿಸಿಕೊಂಡವರನ್ನು ಕರೆಯಲು ಇದೇ ಒಳ್ಳೆಯ ದಿನ.