ಇನ್‌ಬೋರ್ಡ್ ಪ್ಲಾನಿನ ಮರದ ಬೋಟಿಗೆ ಸ್ಟರ್ನ್ ಡ್ರೈವ್ ಹಾಕಿದ್ದು: ನನ್ನ ಅನುಭವ

ನಾನಿರೋದು ಮಿಶಿಗನ್ನಲ್ಲಿ, ಲೇಕ್ ಸೇಂಟ್ ಕ್ಲೇರ್ ಹತ್ರ. ಕ್ರಿಸ್-ಕ್ರಾಫ್ಟ್ ಬೋಟ್ ಕಂಪನಿ ಹುಟ್ಟಿದ ಆಲ್ಗೊನಾಕ್ ಊರು ಇಲ್ಲೇ ಪಕ್ಕದಲ್ಲಿ, ಹಾಗಾಗಿ ಬೇಸಿಗೆ ಬಂತು ಅಂದ್ರೆ ಮಹಾಗನಿ ಮರದ ಹಳೇ ಬೋಟುಗಳು ಪಾಲಿಶ್ ಹೊಳೀತಾ ಕಣ್ಮುಂದೆ ಓಡಾಡ್ತಿರ್ತವೆ, ಅದನ್ನ ನೋಡಿ ನೋಡಿ ನನಗೂ ಹುಚ್ಚು ಹಿಡೀತು. 18 ಅಡಿ ಕ್ಲಾಸಿಕ್ ರನ್‌ಅಬೌಟ್ (ಚಿಕ್ಕ ತೆರೆದ ಮೋಟಾರ್ ಬೋಟ್) ಒಂದರ ಪ್ಲಾನ್ ತರಿಸ್ಕೊಂಡೆ. ಪ್ಲಾನ್ ಇನ್‌ಬೋರ್ಡ್ ಬೋಟಿಂದು: ಎಂಜಿನ್ ಬೋಟಿನ ನಟ್ಟನಡುವೆ, ಅಲ್ಲಿಂದ ಓರೆಯಾಗಿ ತಳ ತೂರ್ಕೊಂಡು ಹೋಗೋ ಶಾಫ್ಟ್, ಕೊನೇಲಿ ಪ್ರೊಪೆಲ್ಲರು, ಅದರ ಹಿಂದೆ ಬೋಟ್ ತಿರುಗಿಸೋ ರಡ್ಡರ್.

ಹಾಗಿದ್ರೆ ಸ್ಟರ್ನ್ ಡ್ರೈವ್, ಅಂದ್ರೆ ಎಂಜಿನ್ ಒಳಗೆ ಹಿಂದಿನ ಗೋಡೆಗೆ ಅಂಟಿ, ಪ್ರೊಪೆಲ್ಲರ್ ಇರೋ ಡ್ರೈವ್ ಆ ಗೋಡೆ ಹೊರಗೆ ನೇತಾಡೋ ಏರ್ಪಾಟು, ಯಾಕೆ ಅಂತೀರಾ? ದುಡ್ಡು, ಇನ್ನೇನು. ಹೊಸ ಮರೀನ್ ಎಂಜಿನ್ನು, ಗೇರ್‌ಬಾಕ್ಸು, ಶಾಫ್ಟು, ಅದನ್ನ ಹಿಡಿಯೋ ಸ್ಟ್ರಟ್ಟು ಎಲ್ಲಾ ಸೇರಿಸಿದ್ರೆ ಮರಕ್ಕಿಂತ ಜಾಸ್ತಿ ಆಗ್ತಿತ್ತು. ಅದೇ ಹೊತ್ತಿಗೆ ಹಳೇ ಫೈಬರ್‌ಗ್ಲಾಸ್ ಬೋಟೊಂದು ಟ್ರೇಲರ್ ಸಮೇತ 1,400 ಡಾಲರಿಗೆ ಸಿಕ್ತು, ಒಳಗೆ ಮರ್ಕ್ರೂಸರ್ 3.0 ಲೀಟರ್ ನಾಲ್ಕು ಸಿಲಿಂಡರ್ ಎಂಜಿನ್ನು, ಹಿಂದೆ ಆಲ್ಫಾ ಒನ್ ಅನ್ನೋ ಸ್ಟರ್ನ್ ಡ್ರೈವು, ಎರಡೂ ಚೆನ್ನಾಗೇ ಇತ್ತು. ಡ್ರೈವ್ ಬಿಚ್ಚಿದಾಗ ಆ ಬೋಟನ್ನ ಯಾಕೆ ಮಾರಿದ್ರು ಅಂತ ಗೊತ್ತಾಯ್ತು, ಟ್ರಾನ್ಸಮ್ಮು ಅಂದ್ರೆ ಬೋಟಿನ ಹಿಂದಿನ ಗೋಡೆ, ಅದರೊಳಗಿನ ಪ್ಲೈವುಡ್ ಕಪ್ಪಾಗಿ ನೆನೆದ ರಸ್ಕ್ ಥರ ಕೈಗೇ ಕಿತ್ಕೊಂಡು ಬರ್ತಿತ್ತು. ಯಾರೋ ಸ್ಕ್ರೂ ತೂತು ಕೊರೆದು ಸೀಲ್ ಮಾಡ್ದೆ ಬಿಟ್ಟಿದ್ರು ಅಷ್ಟೇ. ಆ ಒಂದು ತುಂಡನ್ನ ಗ್ಯಾರೇಜ್ ಗೋಡೆಗೆ ನೇತುಹಾಕ್ಕೊಂಡೇ ಕೆಲಸ ಶುರು ಮಾಡ್ದೆ.

ಟ್ರಾನ್ಸಮ್ ಬಗ್ಗೆ ಯಾಕಿಷ್ಟು ತಲೆಕೆಡಿಸ್ಕೊಂಡೆ ಅಂದ್ರೆ, ಶಾಫ್ಟ್ ಇರೋ ಬೋಟಲ್ಲಿ ಪ್ರೊಪೆಲ್ಲರ್ ತಳ್ಳೋ ಜೋರೆಲ್ಲ ಗೇರ್‌ಬಾಕ್ಸ್ ಮೂಲಕ ತಳದ ಉದ್ದಕ್ಕೂ ಇರೋ ತೊಲೆಗಳಿಗೆ, ಅಂದ್ರೆ ಸ್ಟ್ರಿಂಗರ್‌ಗಳಿಗೆ ಹೋಗತ್ತೆ, ಹಿಂದಿನ ಗೋಡೆ ಬರೀ ಮುಚ್ಚಳ ಇದ್ದಹಾಗೆ. ಸ್ಟರ್ನ್ ಡ್ರೈವಲ್ಲಿ ಹಾಗಲ್ಲ. ಡ್ರೈವ್ ಆ ಗೋಡೆಗೇ ನೇತಾಡತ್ತೆ, ತಳ್ಳೋದೂ ಆ ಗೋಡೆಯನ್ನೇ, ಸಾಲದ್ದಕ್ಕೆ ಮರ್ಕ್ರೂಸರಲ್ಲಿ ಎಂಜಿನ್ನಿನ ಹಿಂಭಾಗ ಕೂಡ ಒಳಗಿನ ಟ್ರಾನ್ಸಮ್ ಪ್ಲೇಟ್ ಮೇಲೇ ಕೂರೋದು, ಸ್ಟ್ರಿಂಗರ್ ಮೇಲೆ ಕೂರೋದು ಮುಂದಿನ ಮೌಂಟು ಮಾತ್ರ. ಅದಕ್ಕೇ ಗೋಡೆಯಿಂದ ಸ್ಟ್ರಿಂಗರಿಗೆ, ಕೀಲ್‌ಗೆ (ತಳದ ನಡುವಿನ ಬೆನ್ನೆಲುಬಿನಂಥ ಉದ್ದ ಮರ) ದಪ್ಪ ಮೂಲೆಗಟ್ಟುಗಳನ್ನ ಇಪಾಕ್ಸಿ ಹಾಕಿ ಬಿಗಿದೆ.

ಪ್ಲಾನಲ್ಲಿ ಟ್ರಾನ್ಸಮ್ ಚೆಂದವಾಗಿ ಬಾಗಿತ್ತು. ಡ್ರೈವಿಗೆ ಅದು ಆಗಲ್ಲ, ಒಳಗೂ ಹೊರಗೂ ಸಪಾಟಾಗಿ, ಒಂದಕ್ಕೊಂದು ಸಮಾನಾಂತರವಾಗಿ ಇರ್ಬೇಕು, ಓರೆ 10ರಿಂದ 16 ಡಿಗ್ರಿ ಒಳಗೆ, ದಪ್ಪ 2ರಿಂದ 2¼ ಇಂಚು. ನಾನು 13 ಡಿಗ್ರಿ ಇಟ್ಟೆ. ಆ ಬಾಗು ಹೋಗಿದ್ದು ಇವತ್ತಿಗೂ ಹೊಟ್ಟೆ ಉರಿಯತ್ತೆ. ದಪ್ಪದ್ದು ಇನ್ನೊಂದು ಕತೆ: 18 ಮಿಲಿಮೀಟರ್ ಮರೀನ್ ಪ್ಲೈ ಮೂರು ಪದರ ಅಂಟಿಸಿ 54 ಆಯ್ತು ಅಂತ ಖುಷಿಯಲ್ಲಿದ್ದೆ, ಆಮೇಲೆ ಹೊರಗೆ ಶೋಕಿಗೆ 6 ಮಿಲಿಮೀಟರ್ ಮಹಾಗನಿ ಹಾಕಿ ವಾರ್ನಿಷ್ ಕೂಡ ಹೊಡೆದೆ, ಒಟ್ಟು 60, ಮಿತಿ 2¼ ಇಂಚು ಅಂದ್ರೆ ಸುಮಾರು 57. ಟೇಪ್ ಹಿಡಿದಾಗ ಎದೆ ಧಸಕ್ ಅಂತು. ಕೊನೆಗೆ ಡ್ರೈವ್ ಕೂರೋ ಜಾಗದಷ್ಟೇ ಮಹಾಗನಿಯನ್ನ ರೌಟರಲ್ಲಿ ಕೆರೆದು ತೆಗೆದು ಡ್ರೈವನ್ನ ನೇರ ಪ್ಲೈ ಮೇಲೆ ಕೂರಿಸಿದೆ, ನೋಡೋಕೆ ಅದೇ ಡಿಸೈನ್ ಅನ್ನೋ ಹಾಗೆ ಆಯ್ತು, ಯಾರಿಗೂ ಹೇಳಿಲ್ಲ.

ತೂತು ಕೊರೆಯೋ ದಿನ ಟೆಂಪ್ಲೇಟ್ ಅಂಟಿಸಿ ಮೂರು ಸಲ ಅಳೆದೆ. ಎತ್ತರ ತಪ್ಪಿದ್ರೆ ಪ್ರೊಪೆಲ್ಲರ್ ಗಾಳಿ ಕುಡಿಯತ್ತೆ, ಇಲ್ಲಾ ಸುಮ್ನೆ ನೀರು ಎಳೀತಾ ಹೋಗತ್ತೆ. ಬೋಲ್ಟ್ ತೂತುಗಳನ್ನ ಬೇಕಂತಲೇ ದೊಡ್ಡದಾಗಿ ಕೊರೆದು, ಗಟ್ಟಿ ಮಾಡಿದ ಇಪಾಕ್ಸಿ ತುಂಬಿ, ಒಣಗಿದ ಮೇಲೆ ಅದರ ನಡುವೆ ಸರಿಯಾದ ಸೈಜಿಗೆ ಮತ್ತೆ ಕೊರೆದೆ, ಹಾಗಾಗಿ ನೀರಿಗೆ ಮರ ಸಿಗೋದೇ ಇಲ್ಲ. ಹೊರಗಿನ ಕೀಲ್ ಪಟ್ಟಿಯನ್ನೂ ಹಿಂದಿನಿಂದ ಸುಮಾರು 1 ಮೀಟರ್ ಮುಂಚೆಯೇ ಸವರಿ ಮುಗಿಸಿದೆ, ಇಲ್ಲಾಂದ್ರೆ ಅದು ಎಬ್ಬಿಸೋ ನೊರೆ ನೀರು ಸೀದಾ ಪ್ರೊಪೆಲ್ಲರಿಗೇ ಹೋಗತ್ತೆ. ಎಂಜಿನ್ ಅಲೈನ್‌ಮೆಂಟಿಗೆ ಉದ್ದದ ಬಾರ್ ಒಂದಿರತ್ತೆ, ಗಿಂಬಲ್ ಬೇರಿಂಗ್ (ಟ್ರಾನ್ಸಮ್ಮಲ್ಲಿ ಡ್ರೈವಿನ ಶಾಫ್ಟ್ ಹಾದುಹೋಗೋ ಬೇರಿಂಗ್) ಮೂಲಕ ಆ ಶಾಫ್ಟ್ ಸೇರೋ ಎಂಜಿನ್ ಕಪ್ಲರಿಗೆ ಎರಡು ಬೆರಳಲ್ಲಿ ತಳ್ಳಿದ್ರೆ ಜಾರಿ ಹೋಗ್ಬೇಕು. ನನ್ನದು ಜಾರೋಕೆ ಒಂದು ಇಡೀ ಶನಿವಾರ ತಗೊಳ್ತು. ಮನೆಯವಳು ಬಾಗಿಲಲ್ಲಿ ನಿಂತು "ರೀ, ಗ್ಯಾರೇಜಲ್ಲಿ ಕಾರು ನಿಲ್ಲಿಸಿ ಮೂರು ವರ್ಷ ಆಯ್ತು, ಗೊತ್ತಾ?" ಅಂದ್ಲು.

ಇಷ್ಟೆಲ್ಲ ಆದ್ರೂ ನಿಜವಾದ ತಲೆನೋವು ತೂಕ. ಎಂಜಿನ್ ಡ್ರೈವ್ ಸೇರಿ ಸುಮಾರು 290 ಕೆಜಿ, ಪ್ಲಾನಲ್ಲಿ ಇದ್ದ ಜಾಗದಿಂದ 1.5 ಮೀಟರ್ ಹಿಂದೆ ಹೋಯ್ತು. ಜನ ಸೇರಿ ಬೋಟ್ 900 ಕೆಜಿ ಅಂತ ಹಿಡಿದ್ರೆ ಭಾರದ ಕೇಂದ್ರ 48 ಸೆಂಟಿಮೀಟರ್ ಹಿಂದೆ! 80 ಲೀಟರ್ ಟ್ಯಾಂಕನ್ನ ಹಿಂದಿಂದ ಎರಡೂವರೆ ಮೀಟರ್ ಮುಂದೆ ತಂದೆ, 16 ಸೆಂಟಿಮೀಟರ್ ವಾಪಸ್ ಬಂತು. ಬ್ಯಾಟರಿ ಮೂತಿ ಕಡೆ ಹೋಯ್ತು, ಇನ್ನೊಂದು 7. ನಡುವೆ ಎಂಜಿನ್ ಬಿಟ್ಟುಹೋದ ಜಾಗಕ್ಕೆ ಹಿಂದಿನ ಸೀಟನ್ನ ಎಳ್ಕೊಂಡೆ. ಪೂರ್ತಿ ಸರಿ ಹೋಗ್ಲಿಲ್ಲ. ನಾನು ಲೆಕ್ಕಕ್ಕೆ ಹಿಡೀದೆ ಬಿಟ್ಟಿದ್ದ ಇನ್ನೊಂದು ವಿಷಯ, ಓರೆ ಶಾಫ್ಟು ಬೋಟಿನ ಹಿಂಭಾಗವನ್ನ ತಳ್ಳೋವಾಗ ಸ್ವಲ್ಪ ಮೇಲಕ್ಕೂ ಎತ್ತತ್ತೆ, ಡ್ರೈವ್ ನೇರ ಮುಂದಕ್ಕೆ ತಳ್ಳೋದ್ರಿಂದ ಆ ಸಹಾಯವೂ ಹೋಯ್ತು.

ಮೊದಲ ಸಲ ನೀರಿಗಿಳಿಸಿದಾಗ ನಾಲ್ಕು ನಿಮಿಷ ಬ್ಲೋವರ್ ಓಡಿಸಿ ಪೆಟ್ರೋಲ್ ಆವಿ ಹೊರಗೆ ಹಾಕಿ ಎಂಜಿನ್ ಸ್ಟಾರ್ಟ್ ಮಾಡ್ದೆ. ದಡದಿಂದ ರಿವರ್ಸ್ ತಗೊಂಡಾಗ ಹೇಳಿದ ಕಡೆ ಬಂತು, ಶಾಫ್ಟ್ ಬೋಟಿನವರು ಇದಕ್ಕೇ ಅಸೂಯೆ ಪಡೋದು. ಗಂಟೆಗೆ 25 ಮೈಲಿ ದಾಟಿದ್ದೇ ತಡ ಮೂತಿ ಮೇಲೆ ಕೆಳಗೆ, ಮೇಲೆ ಕೆಳಗೆ, ಉಬ್ಬುತಗ್ಗಿನ ರೋಡಲ್ಲಿ ಹಳೇ ಅಂಬಾಸಡರ್ ಹೋದ ಹಾಗೆ. ಡ್ರೈವನ್ನ ಪೂರ್ತಿ ಒಳಗೆ ಟ್ರಿಮ್ ಮಾಡಿದ್ರೆ, ಅಂದ್ರೆ ಬೋಟಿನ ಕಡೆಗೆ ಓರೆ ಮಾಡಿದ್ರೆ, ಕಮ್ಮಿ ಆಯ್ತು. ಆಮೇಲೆ ಹಿಂದೆ ಎರಡು ಟ್ರಿಮ್ ಟ್ಯಾಬ್ (ತಳದ ಅಂಚಿಗೆ ಹಾಕೋ ಓರೆ ಮಾಡೋ ಹಲಗೆ) ಹಾಕಿಸ್ದೆ, ಈಗ ಪರವಾಗಿಲ್ಲ, ಟ್ಯಾಂಕ್ ಅರ್ಧಕ್ಕಿಂತ ಖಾಲಿ ಆದಾಗ ಮಾತ್ರ ಹಳೇ ಚಾಳಿ ಶುರು. ಮುಂದಿನ ಚಳಿಗಾಲದಲ್ಲಿ ಬೋಟ್ ಮೇಲೆತ್ತಿದಾಗ ಡ್ರೈವಿನ ರಬ್ಬರ್ ಬೆಲೋಸ್ (ನೀರು ಒಳಗೆ ಬರದ ಹಾಗೆ ತಡೆಯೋ ಮಡಿಕೆ ಕೊಳವೆ) ಬದಲಾಯಿಸ್ಬೇಕು, ಹೇಗೂ ಬಿಚ್ಚಿರ್ತೀನಲ್ಲ, ಟ್ರಾನ್ಸಮ್ಮಿನ ಕೊರೆದ ಅಂಚಿಗೆ ನೀರು ಇಳಿದಿದ್ಯಾ ಅಂತಾನೂ ಟಾರ್ಚ್ ಹಾಕಿ ನೋಡ್ತೀನಿ.