ನೆಬ್ರಾಸ್ಕಾದ ಹೆಂಟೆಮನೆಯ ಪತ್ರಗಳನ್ನು ನಾನು ಓದಿದ ಬಗೆ

ಯುರೈಯಾ ಆಬ್ಲಿಂಗರ್ ಅನ್ನುವ ಅಮೆರಿಕದ ರೈತನ ಮನೆಯ ಪತ್ರಗಳು ಸುಮಾರು 3,000 ಪುಟ ಇವೆ. 1862ರಲ್ಲಿ ಶುರುವಾಗಿ 20ನೇ ಶತಮಾನದ ಆರಂಭದವರೆಗೂ ಹೋಗುತ್ತವೆ. ಇವು ಆನ್‌ಲೈನ್‌ನಲ್ಲಿ ಓದಲು ಸಿಗುತ್ತವೆ. ಪತ್ರದ ಚಿತ್ರವೂ ಇದೆ, ಟೈಪ್ ಮಾಡಿದ ಪ್ರತಿಯೂ ಇದೆ.

ನಾನು ಟೈಪ್ ಮಾಡಿದ್ದನ್ನು ಮೊದಲು ನೋಡುವುದಿಲ್ಲ. ಚಿತ್ರವನ್ನು ದೊಡ್ಡದು ಮಾಡಿಕೊಂಡು ಜೋರಾಗಿ ಓದುತ್ತೇನೆ. ಪೂರ್ಣವಿರಾಮ ಅಪರೂಪ, ಕಾಗುಣಿತ ಬಾಯಿಗೆ ಬಂದ ಹಾಗೆ. ಕಣ್ಣಿಗೆ ಗೋಜಲಾಗಿ ಕಾಣುವ ಸಾಲು ಕಿವಿಗೆ ಬಿದ್ದ ತಕ್ಷಣ ಬಿಡಿಸಿಕೊಳ್ಳುತ್ತದೆ. ಒಬ್ಬೊಬ್ಬರ ಕೈಬರಹಕ್ಕೂ ಒಂದು ಅಕ್ಷರಪಟ್ಟಿ ಮಾಡಿ ಪಕ್ಕದಲ್ಲಿಟ್ಟುಕೊಂಡಿರುತ್ತೇನೆ.

ಆಮೇಲೆ ನೋಟ್‌ಬುಕ್. ತಾರೀಕು, ಬರೆದವರು, ಯಾರಿಗೆ ಬರೆದದ್ದು, ಊಟ, ಕಾಯಿಲೆ, ಬೆಲೆ, ಮಳೆ-ಗಾಳಿ. ಇಷ್ಟೇ ಕಲಂ. ಇವುಗಳಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ‘ಯಾರಿಗೆ ಬರೆದದ್ದು’ ಅನ್ನುವ ಕಲಂ.

ಯಾಕೆ ಅಂದರೆ, ಜೊತೆಗಿದ್ದವರು ಪತ್ರ ಬರೆಯುವುದಿಲ್ಲ ಅಲ್ವಾ? 1862ರ ಹೋಮ್‌ಸ್ಟೆಡ್ ಕಾಯ್ದೆ ಪ್ರಕಾರ, 5 ವರ್ಷ ಅಲ್ಲೇ ಇದ್ದು ಉಳುಮೆ ಮಾಡಿದವರಿಗೆ ಸರ್ಕಾರ 160 ಎಕರೆ ಕೊಡುತ್ತಿತ್ತು. ಆ ನೆಲಕ್ಕಾಗಿ ಯುರೈಯಾ 1872ರಲ್ಲಿ ಇಂಡಿಯಾನಾ ರಾಜ್ಯ ಬಿಟ್ಟು ನೆಬ್ರಾಸ್ಕಾ ರಾಜ್ಯದ ಫಿಲ್‌ಮೋರ್ ಕೌಂಟಿಗೆ (ನಮ್ಮ ಜಿಲ್ಲೆಯಂಥದ್ದು) ಹೋದ. ಹೆಂಡತಿ ಮ್ಯಾಟಿ ಮತ್ತು ಪುಟ್ಟ ಮಗಳು ಹಿಂದೆ ಉಳಿದರು. ಆ ತಿಂಗಳುಗಳ ಪತ್ರಗಳು ಗಂಡ ಹೆಂಡತಿಗೆ ಬರೆದವು. 1873ರಲ್ಲಿ ಅವಳು ಬಂದು ಸೇರಿದಳು. ಅಲ್ಲಿಂದ ಅವರಿಬ್ಬರ ನಡುವಿನ ಮಾತು ನಮಗೆ ಕೇಳಿಸುವುದಿಲ್ಲ. ಸಂಸಾರದ ಸುದ್ದಿಯೆಲ್ಲ ಮ್ಯಾಟಿ ತವರಿನವರಿಗೆ ಬರೆದ ಪತ್ರಗಳಿಂದಲೇ ಸಿಗಬೇಕು.

1873ರ ಜೂನ್ 16ರ ಪತ್ರ ನೋಡಿ. ಸ್ವಂತ ಮನೆಗೆ ಬಂದಿದ್ದೇವೆ, ಅದೂ ಹೆಂಟೆಮನೆ ಅಂತ ಖುಷಿಯಾಗಿ ಬರೆಯುತ್ತಾಳೆ. ಆ ಬಯಲಿನಲ್ಲಿ ಮರ ಕಡಿಮೆ. ಹುಲ್ಲುಗಾವಲನ್ನು ನೇಗಿಲಿನಿಂದ ಸೀಳಿ, ಬೇರು ಸಮೇತ ಎದ್ದ ಹೆಂಟೆಗಳನ್ನು ಇಟ್ಟಿಗೆಯ ಹಾಗೆ ಪೇರಿಸಿ ಗೋಡೆ ಎಬ್ಬಿಸುತ್ತಿದ್ದರು. ನೆಲಕ್ಕೆ ಹಲಗೆ ಇನ್ನೂ ಹಾಕಿಲ್ಲ, ಅದೊಂದೇ ಕೊರತೆ ಅನ್ನುತ್ತಾಳೆ. ಅದೊಂದೇನಾ? ತವರಿಗೆ ಬರೆಯುವ ಮಗಳು ಕಷ್ಟವನ್ನು ಎಷ್ಟು ಹೇಳುತ್ತಾಳೆ, ಎಷ್ಟು ನುಂಗಿಕೊಳ್ಳುತ್ತಾಳೆ ಅನ್ನುವುದನ್ನು ನಮಗ್ಯಾರೂ ಹೇಳಿಕೊಡಬೇಕಿಲ್ಲ. ಹಾಗಂತ ಅವಳ ಖುಷಿ ಸುಳ್ಳು ಅಂತಲೂ ನಾನು ಒಪ್ಪುವುದಿಲ್ಲ. ಅಲ್ಲಿಯವರೆಗೆ ಸ್ವಂತದ್ದು ಅನ್ನುವ ನೆಲವೇ ಇಲ್ಲದವರಿಗೆ ಮಣ್ಣಿನ ನೆಲ ದೊಡ್ಡ ಕೊರತೆ ಅನ್ನಿಸಿರಲಿಕ್ಕಿಲ್ಲ.

ಹೀಗೆ ಅನುಮಾನ ಬಂದಾಗ ಹೊರಗಿನ ದಾಖಲೆ ನೋಡುತ್ತೇನೆ. 1873ರ ಏಪ್ರಿಲ್‌ನಲ್ಲಿ, ಈಸ್ಟರ್ ಹೊತ್ತಿಗೆ, ನೆಬ್ರಾಸ್ಕಾದಲ್ಲಿ ಭಾರಿ ಹಿಮಗಾಳಿ ಬೀಸಿತ್ತು. 1874ರಲ್ಲಿ ಮಿಡತೆ ದಂಡು ಬಂದು ಬೆಳೆ ತಿಂದುಹಾಕಿತು. ಆ ತಾರೀಕುಗಳನ್ನು ನೋಟ್‌ಬುಕ್ಕಿನಲ್ಲಿ ಕೆಂಪು ಶಾಯಿಯಲ್ಲಿ ಮೊದಲೇ ಬರೆದಿಟ್ಟಿದ್ದೇನೆ. ಪತ್ರ ಅದರ ಬಗ್ಗೆ ಏನು ಹೇಳುತ್ತದೆ, ಏನು ಬಿಡುತ್ತದೆ ಅಂತ ಆಗ ಸುಲಭವಾಗಿ ಗೊತ್ತಾಗುತ್ತದೆ.

ಅಂಚೆಯ ಲೆಕ್ಕವೂ ಗೊತ್ತಿರಬೇಕು. ಆಗ ಅರ್ಧ ಔನ್ಸ್ ತೂಕದ ಪತ್ರಕ್ಕೆ 3 ಸೆಂಟ್. ಕಾಗದದ ಅಂಚಿನಲ್ಲೆಲ್ಲ ಸಾಲು ತುರುಕುವ ಅಭ್ಯಾಸ ಆ ಕಾಲದಲ್ಲಿ ಸುಮ್ನೆ ಬಂದದ್ದಲ್ಲ. ಹಳ್ಳಿಮನೆಗಳಿಗೆ ಅಂಚೆ ಬಂದು ಮುಟ್ಟಲು ಶುರುವಾದದ್ದೇ 1896ರಲ್ಲಿ. ಅಲ್ಲಿಯವರೆಗೆ ರೈತರೇ ಅಂಚೆ ಕಚೇರಿಗೆ ಹೋಗಿ ತರಬೇಕಿತ್ತು. ಹಾಗಾಗಿ ಒಂದು ಪತ್ರಕ್ಕೆ ಉತ್ತರ ಹೋಗುವ ಮೊದಲೇ ಇನ್ನೊಂದು ಪತ್ರ ಹೊರಟಿರುತ್ತದೆ. ಎರಡೂ ಕಡೆಯ ಪತ್ರಗಳನ್ನು ಬರೆದ ತಾರೀಕಿನ ಪ್ರಕಾರ ಜೋಡಿಸದೆ ಓದಿದರೆ ಪ್ರಶ್ನೆ ಒಂದು ಕಡೆ, ಉತ್ತರ ಇನ್ನೊಂದು ಕಡೆ.

ಮ್ಯಾಟಿ 1880ರಲ್ಲಿ ಹೆರಿಗೆಯಲ್ಲಿ ತೀರಿಕೊಂಡಳು. ಯುರೈಯಾ ಮುಂದೆ ಇನ್ನೊಂದು ಮದುವೆಯಾದ. ನಾನೀಗ ಓದುತ್ತಿರುವುದು ಆಮೇಲಿನ ಪತ್ರಗಳನ್ನು. ಕೈಬರಹ ಬದಲಾಗಿದೆ, ಅಕ್ಷರಪಟ್ಟಿ ಮತ್ತೆ ಮೊದಲಿನಿಂದ ಮಾಡುತ್ತಿದ್ದೇನೆ.