ಲಾರಿಗೆ ಮೊದಲು ಪಟ್ಟಿ: ಪ್ರವಾಹ ಪರಿಹಾರದಲ್ಲಿ ನನ್ನ ಅನುಭವ

ಮೂರನೇ ಪ್ರವಾಹಕ್ಕೆ ಕೊನೆಗೂ, ಯಾರ್ಯಾರಿಗೆ ಪರಿಹಾರ ಸಿಗಬೇಕು ಅಂತ ಬರೆದ ನಮ್ಮ ಪಟ್ಟಿ ಕೈ ಹಿಡಿಯಿತು. ಸುಮಾರು 340 ಮನೆ, ಎರಡೂವರೆ ಗಂಟೆ, ನೂಕುನುಗ್ಗಲು ಇಲ್ಲವೇ ಇಲ್ಲ. ಹಂಚಿ ಕೊನೆಗೆ ಉಳಿದದ್ದು ಪರಿಹಾರ ಸಾಮಗ್ರಿಯ ಏಳೋ ಎಂಟೋ ಕಿಟ್. "ಜನ ಹಸಿದು ಕೂತಿದ್ದಾರೆ, ನೀವು ಪಟ್ಟಿ ಬರೀತಾ ಕೂತಿದ್ದೀರಾ" ಅಂತ ಹಿಂದೆ ಬೈದವರೇ ಈ ಸಲ ಅದೇ ಪಟ್ಟಿ ಕೇಳಿಕೊಂಡು ಬಂದರು. ಹನ್ನೆರಡು ಜನರ ಸಣ್ಣ ಸಂಸ್ಥೆ ನಮ್ಮದು. ನನಗೆ ಹೆಮ್ಮೆ ಇದೆ.

ಮೊದಲ ಸಲ ಎಲ್ಲರ ಹಾಗೇ ಲಾರಿ ತುಂಬಿಕೊಂಡು ಹೊರಟಿದ್ದೆವು. ಬಂದ ದೇಣಿಗೆಯಲ್ಲಿ ನೂರಕ್ಕೆ ಮೂವತ್ತರಷ್ಟು ಬಾಡಿಗೆ, ಹಮಾಲಿ, ಗೋದಾಮಿಗೇ ಹೋಯಿತು. ಸಾಗಿಸಿದ್ದರಲ್ಲಿ ಹತ್ತಿರ ಹತ್ತಿರ ಅರ್ಧ ಹಳೆ ಬಟ್ಟೆ. ಅದು ಒದ್ದೆಯಾಗಿ ಬೂಸ್ಟು ಹಿಡಿಯಿತು. ವಿಲೇವಾರಿ ಮಾಡಲೂ ನಾವೇ ದುಡ್ಡು ಕೊಟ್ಟೆವು. 2004ರ ಸುನಾಮಿ ಆದಾಗ ರಸ್ತೆ ಬದಿಯಲ್ಲಿ ಹಳೆ ಬಟ್ಟೆ ಗುಡ್ಡೆ ಬಿದ್ದದ್ದು ನಮಗೆ ಗೊತ್ತೇ ಇತ್ತು. ಆದರೂ ಕೊಡುವವರ ಮನಸ್ಸು ನೋಯಿಸಬಾರದು ಅಂತ ಸುಮ್ನೆ ತೆಗೆದುಕೊಂಡೆವು. ಈಗ ಮುಲಾಜಿಲ್ಲದೆ ಬೇಡ ಅನ್ನುತ್ತೇನೆ.

ಹಂಚಿಕೆಯಂತೂ ಇನ್ನೂ ಕೆಟ್ಟದಾಯಿತು. ಲಾರಿ ನಿಂತ ಕೂಡಲೇ ಗಟ್ಟಿಮುಟ್ಟಾದವರು ಎರಡೆರಡು ಕಿಟ್ ಹೊತ್ತುಕೊಂಡು ಹೋದರು. ಒಬ್ಬ ಅಜ್ಜಿ ಖಾಲಿ ಬಕೆಟ್ ಹಿಡಿದು ಹತ್ತಿರ ಬರುವ ಹೊತ್ತಿಗೆ ಒಳಗೆ ಹರಿದ ರಟ್ಟು ಮಾತ್ರ ಇತ್ತು. ನೆಲಕ್ಕೆ ಹಾಸಿಕೊಳ್ಳಲು ಆ ರಟ್ಟನ್ನೇ ಕೇಳಿ ತೆಗೆದುಕೊಂಡು ಹೋದರು. ಅವತ್ತು ರಾತ್ರಿ ನಮ್ಮಲ್ಲಿ ಯಾರೂ ಮಾತಾಡಲಿಲ್ಲ.

ಎರಡನೇ ಸಲ ಪಟ್ಟಿ ಇತ್ತು, ಆದರೆ ಬೇರೆಯವರು ಮಾಡಿದ್ದು. ಅದರಲ್ಲಿ ಬಾಡಿಗೆ ಮನೆಯವರಿಲ್ಲ, ಕಾಗದಪತ್ರ ಕೊಚ್ಚಿಹೋದವರಿಲ್ಲ. ಒಂದೇ ಬಾಗಿಲಿನ ಹಿಂದೆ ಮೂರು ಸಂಸಾರ ಇದ್ದರೂ ಒಂದೇ ಹೆಸರು. ನಾವು ಸೇರಿಸಿದ್ದನ್ನು ಪೆನ್ನಲ್ಲಿ ಬರೆದಿದ್ದೆವು, ಮಳೆಗೆ ಶಾಯಿ ಹರಡಿ ಹೋಯಿತು. ರಟ್ಟಿನ ಟೋಕನ್ ಜನರ ಕೈಯಲ್ಲೇ ಮುದ್ದೆಯಾಯಿತು.

ಈ ಸಲ ಪೆನ್ಸಿಲ್. ನೆನೆದರೂ ಅಳಿಸುವುದಿಲ್ಲ. ಹರಿದ ಟಾರ್ಪಾಲಿನ್ ತುಂಡು ಕತ್ತರಿಸಿ, ಮಾರ್ಕರ್‌ನಲ್ಲಿ ನಂಬರ್ ಹಾಕಿ ಟೋಕನ್ ಮಾಡಿದೆವು. ಇಬ್ಬಿಬ್ಬರಂತೆ ಹೋಗಿ "ಮನೆಯಲ್ಲಿ ಎಷ್ಟು ಜನ" ಅಂತ ಕೇಳಲಿಲ್ಲ. "ನೀರು ಬರುವ ಮುಂಚೆ ಯಾರ್ಯಾರು ಒಂದೇ ಒಲೆಯಲ್ಲಿ ಉಣ್ಣುತ್ತಿದ್ದಿರಿ" ಅಂತ ಕೇಳಿದೆವು. ಒಂದು ಒಲೆಗೆ ಒಂದು ಟೋಕನ್. ಸಂಜೆ ಎಲ್ಲರನ್ನೂ ಕೂರಿಸಿ ಪಟ್ಟಿಯನ್ನು ಗಟ್ಟಿಯಾಗಿ ಓದಿದೆವು. ತಪ್ಪು ಹಿಡಿದವರು ಹೆಂಗಸರೇ ಜಾಸ್ತಿ. ಇಪ್ಪತ್ತೈದರಷ್ಟು ಹೆಸರು ಸೇರಿದವು, ಹತ್ತೋ ಹನ್ನೊಂದೋ ಹೋದವು. ಅದರ ಒಂದು ಪ್ರತಿ ರಾತ್ರಿಯೇ ಕಂಟ್ರೋಲ್ ರೂಮಿಗೆ ಹೋಯಿತು. ದೋಣಿ, ಕ್ರೇನ್ ಎಲ್ಲಾ ಸರ್ಕಾರದ ಹತ್ತಿರ ಇರುತ್ತವೆ. ಬಿಟ್ಟುಹೋದ ಹೆಸರು ಮಾತ್ರ ನಮ್ಮಂಥವರ ಕಣ್ಣಿಗೇ ಬೀಳುವುದು.

ನಕಲಿ ಟೋಕನ್ ಹಿಡಿಯಲು ಒಂದು ಉಪಾಯ ಇದೆ. ಅದನ್ನು ಬರೆದುಬಿಟ್ಟರೆ ಮುಂದೆ ಕೆಲಸಕ್ಕೆ ಬರುವುದಿಲ್ಲ. ತುಂಡಿನ ಬಣ್ಣಕ್ಕೂ ಅದಕ್ಕೂ ಸಂಬಂಧ ಇದೆ, ಅಷ್ಟು ಸಾಕು.

ರೆಡ್ ಕ್ರಾಸ್ ಮತ್ತು ಸ್ವಯಂಸೇವಾ ಸಂಸ್ಥೆಗಳು 1994ರಲ್ಲಿ ಒಪ್ಪಿಕೊಂಡ ನೀತಿಸಂಹಿತೆಯಲ್ಲಿ, ದುಡ್ಡು ಕೊಟ್ಟವರಿಗೂ ನೆರವು ಪಡೆಯುವವರಿಗೂ ನಾವು ಉತ್ತರ ಕೊಡಬೇಕು ಅಂತ ಇದೆ. ಮೊದಲರ್ಧ ಎಲ್ಲರೂ ಮಾಡುತ್ತೇವೆ, ಫೋಟೊ, ವರದಿ, ಆಡಿಟ್. ಎರಡನೆಯದನ್ನು ನಾನು ಮಾಡಿದ್ದು ಪಟ್ಟಿ ಓದಿದ ಆ ಸಂಜೆಯೇ.

ನಡುವೆ ನೀರಿನ ಪ್ರಯೋಗವನ್ನೂ ಮಾಡಿದೆವು. ಕ್ಲೋರಿನ್ ಮಾತ್ರೆ ಹಂಚಿದರೆ ಜನ ವಾಸನೆ ಅಂತ ಹಾಕುತ್ತಿರಲಿಲ್ಲ. ಅದಕ್ಕೆ ಬಾವಿ ಹತ್ತಿರವೇ ಒಬ್ಬ ಹುಡುಗನನ್ನು ನಿಲ್ಲಿಸಿ, ತುಂಬಿದ ಪ್ರತಿ ಬಕೆಟ್ಟಿಗೂ ಸಿರಿಂಜಿನಲ್ಲಿ ಬ್ಲೀಚಿಂಗ್ ಪೌಡರ್ ದ್ರಾವಣ ಹಾಕಿಸಿದೆವು. ಮೊದಲ ದಿನ ಅರ್ಧ ಗಂಟೆ ಬಿಟ್ಟು ನೋಡಿದರೂ ಕ್ಲೋರೋಸ್ಕೋಪ್‌ನಲ್ಲಿ (ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟು ಅಂತ ಬಣ್ಣದಿಂದ ತೋರಿಸುವ ಸಾಧನ) ಬಣ್ಣವೇ ಬರಲಿಲ್ಲ. ಬಾಯಿ ಬಿಚ್ಚಿಟ್ಟ ಬ್ಲೀಚಿಂಗ್ ಪೌಡರ್ ಚೀಲ ತೇವಕ್ಕೆ ಸತ್ವ ಕಳೆದುಕೊಂಡಿತ್ತು, ಜೊತೆಗೆ ನೀರಿನ ಕೆಸರು ಕ್ಲೋರಿನ್ ತಿಂದುಹಾಕುತ್ತಿತ್ತು. ಆಲಂ (ಪಟಿಕ) ಹಾಕಿ ತಿಳಿಯಾಗಿಸಿ, ಹೊಸ ಚೀಲ ಒಡೆದ ಮೇಲೆ ಉಳಿದ ಕ್ಲೋರಿನ್ ಲೀಟರಿಗೆ 0.2ರಿಂದ 0.5 ಮಿಲಿಗ್ರಾಂ ನಡುವೆ ನಿಂತಿತು. ಇದಕ್ಕೆ ಹುಡುಗರು ಜಾಸ್ತಿ ಬೇಕು, ಎಲ್ಲಾ ಕಡೆ ಆಗುವ ಮಾತಲ್ಲ.

ಬಟ್ಟೆ ಬಿಟ್ಟಿದ್ದಕ್ಕೆ ಸಾಗಣೆ ಖರ್ಚು ಈ ಸಲ ನೂರಕ್ಕೆ ಹನ್ನೆರಡರ ಆಸುಪಾಸಿಗೆ ಇಳಿಯಿತು. ಹಾಗೆ ಉಳಿತಾಯವಾದ ದುಡ್ಡೆಲ್ಲಾ ಶೌಚಾಲಯಕ್ಕೆ. ವಿಪತ್ತಿನ ನೆರವಿಗೆ ಅಂತಲೇ ಇರುವ ಅಂತರರಾಷ್ಟ್ರೀಯ ಸ್ಪಿಯರ್ ಮಾನದಂಡದ ಪ್ರಕಾರ 20 ಜನಕ್ಕೆ ಒಂದು ಬೇಕು. ನಮ್ಮ ಶಿಬಿರದಲ್ಲಿ ಮುನ್ನೂರು ಚಿಲ್ಲರೆ ಜನಕ್ಕೆ ಇದ್ದದ್ದು ನಾಲ್ಕು. ಹತ್ತಕ್ಕೆ ಏರಿಸಿದೆವು, ಹದಿನೈದು ಆಗಲಿಲ್ಲ. ಚಿಲಕ, ದೀಪ ಇರುವ ಕಡೆ ಮಾತ್ರ ಹೆಣ್ಣುಮಕ್ಕಳು ರಾತ್ರಿ ಹೋಗುತ್ತಿದ್ದರು, ಇದು ಮೂರನೇ ದಿನ ಗೊತ್ತಾಯಿತು.

ಹಾಸಿಗೆ ಹಿಡಿದವರ ಟೋಕನ್ ಇನ್ನೂ ಸರಿಹೋಗಿಲ್ಲ. ಬೇರೆಯವರ ಕೈಗೆ ಕೊಟ್ಟ ನಾಲ್ಕು ಕಿಟ್ ಅವರಿಗೆ ತಲುಪಲೇ ಇಲ್ಲ. ಮುಂದಿನ ಮಳೆಗಾಲಕ್ಕೆ ಅಂಥವರ ಹೆಸರಿನ ಮುಂದೆ ಗುರುತು ಹಾಕಿ, ಕಿಟ್ ಅನ್ನು ನಾವೇ ಹೊತ್ತು ಮುಟ್ಟಿಸಬೇಕು ಅಂತ ಇಬ್ಬರನ್ನು ಈಗಲೇ ಗೊತ್ತುಮಾಡಿದ್ದೇನೆ. ಟಾರ್ಪಾಲಿನ್ ತುಂಡು ಐನೂರು ಕತ್ತರಿಸಿ ಇಟ್ಟಾಗಿದೆ.